ಹೊಸ ಸಿಸ್ಟಮ್, ಹಳೇ ಬೆರಳು

ಆಪರೇಟಿಂಗ್ ಸಿಸ್ಟಮ್ ಬದಲಿಸುವುದು ಏನೇನೂ ಕಷ್ಟವಲ್ಲ. ಪೆನ್‌ಡ್ರೈವ್ ಚುಚ್ಚಬೇಕು, ಕಂಪ್ಯೂಟರ್ ಆನ್ ಮಾಡಬೇಕು, ಕೇಳಿದಾಗಲೆಲ್ಲ 'ಮುಂದೆ' ಅನ್ನುತ್ತಾ ಹೋಗಬೇಕು. ಕಷ್ಟ ಶುರುವಾಗುವುದು ಹೊಸ ಡೆಸ್ಕ್‌ಟಾಪ್ ಬಂದು ಕೂತ ಮೇಲೆ. ಚಂದದ ಬೆಟ್ಟದ ಚಿತ್ರ ಇರುತ್ತದೆ, ಕೆಳಗೊಂದು ಪಟ್ಟಿ ಇರುತ್ತದೆ, ಮೂಲೆಯಲ್ಲೊಂದು ಗುಂಡಿ ಇರುತ್ತದೆ. ನಿನ್ನೆ ತನಕ ಕಣ್ಣು ಮುಚ್ಚಿಕೊಂಡು ಒತ್ತುತ್ತಿದ್ದ ಐಕಾನ್ ಮಾತ್ರ ಒಂದೂ ಇರುವುದಿಲ್ಲ.

ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತೆಯ ವ್ಯವಸ್ಥೆ ಬೇಕು, ನನ್ನ ಲ್ಯಾಪ್‌ಟಾಪ್‌ನಲ್ಲಿ ಅದಿಲ್ಲ. ಬೇರೆ ಯಾವ ಕಾಯಿಲೆಯೂ ಇಲ್ಲದ ಯಂತ್ರವನ್ನು ಇದೊಂದಕ್ಕಾಗಿ ಮೂಲೆಗೆ ಹಾಕಲು ಮನಸ್ಸು ಬರಲಿಲ್ಲ. "ಲಿನಕ್ಸ್ ಹಾಕ್ಕೊಡ್ತೀನಿ ಬಿಡಿ ಮಾವ" ಅಂದ ತಂಗಿಯ ಮಗ. ವಿಂಡೋಸ್‌ನಂತೆ ಅದೂ ಒಂದು ಆಪರೇಟಿಂಗ್ ಸಿಸ್ಟಮ್. ಹಾಕಿಯೂ ಕೊಟ್ಟ. "ಇನ್ನು ನಿಮಗೆ ಬೇಕಾದ ಸಾಫ್ಟ್‌ವೇರ್ ಆರಿಸ್ಕೊಳ್ಳಿ, ಎಲ್ಲಾ ಪುಕ್ಕಟೆ" ಅಂದು ಹೊರಟುಹೋದ.

ದುಡ್ಡು ಕೊಡಬೇಕಾದ ಕಡೆ ಆರಿಸುವುದು ಸುಲಭ. ಜೇಬು ನೋಡಿಕೊಂಡು ಒಂದನ್ನು ತೆಗೆದುಕೊಂಡು ಸುಮ್ನಾಗುತ್ತೇವೆ. ಪುಕ್ಕಟೆ ಇದ್ದರೆ ಆ ಬ್ರೇಕೇ ಇಲ್ಲ. ಬರೀ ಅಕ್ಷರ ಬರೆಯುವ ಎಡಿಟರ್ ಹುಡುಕಿದೆ. ಪುಟಗಟ್ಟಲೆ ಬಂತು. ಎಲ್ಲದಕ್ಕೂ ನಾಲ್ಕು ನಕ್ಷತ್ರ. ಎಲ್ಲದರ ವಿವರಣೆಯಲ್ಲೂ 'ಹಗುರ, ವೇಗ, ಸರಳ'. ಭಾರ, ನಿಧಾನ, ಗೋಜಲು ಅಂತ ಒಬ್ಬರಾದರೂ ನಿಜ ಬರೆದಿದ್ದರೆ ಅದನ್ನು ಬಿಟ್ಟು ಉಳಿದದ್ದು ನೋಡಬಹುದಿತ್ತು.

ಹೆಸರುಗಳದ್ದು ಇನ್ನೊಂದು ಪಜೀತಿ. ಲಿನಕ್ಸ್ ಲೋಕದಲ್ಲಿ ಕೆಡಿಇ ಅಂತ ಒಂದು ಬಳಗ ಇದೆ, 1996ರಲ್ಲಿ ಶುರುವಾದದ್ದು. ಅವರಿಗೆ ಕೆ ಅಕ್ಷರದ ಮೇಲೆ ವಿಪರೀತ ಪ್ರೀತಿ. ಕೇಟ್, ಕೆರೈಟ್, ಕೆಮೇಲ್, ಕಾನ್ಸೋಲ್, ಕಾಂಕರರ್, ಕ್ರಿಟಾ, ಕೆಡೆನ್‌ಲೈವ್. ಮೆನು ತೆರೆದರೆ ಕ ಕಾಗುಣಿತ ಒಪ್ಪಿಸಿದ ಹಾಗೆ ಕೇಳುತ್ತದೆ. ಇದರಲ್ಲಿ ಚಿತ್ರ ಬಿಡಿಸುವುದು ಯಾವುದು, ವಿಡಿಯೊ ಕತ್ತರಿಸುವುದು ಯಾವುದು ಎಂದು ಹೆಸರು ನೋಡಿ ಹೇಳಲು ಬರುವುದಿಲ್ಲ. ಕ್ರಿಟಾ ಚಿತ್ರಕ್ಕೆ, ಕೆಡೆನ್‌ಲೈವ್ ವಿಡಿಯೊಕ್ಕೆ. ಎರಡೂ ಒಳ್ಳೆಯವು. ಕೇಟ್ ಕೂಡ.

ಸರಿ, ಆರಿಸಿದ್ದಾಯಿತು ಅಂದುಕೊಳ್ಳಿ. ಅಲ್ಲಿಗೂ ಮುಗಿಯುವುದಿಲ್ಲ. ಅದೇ ಸಾಫ್ಟ್‌ವೇರ್ ಡೆಬ್ ರೂಪದಲ್ಲಿ ಬೇಕೋ, ಫ್ಲ್ಯಾಟ್‌ಪ್ಯಾಕ್ ಬೇಕೋ, ಸ್ನ್ಯಾಪ್ ಬೇಕೋ, ಆಪ್‌ಇಮೇಜ್ ಬೇಕೋ ಎಂಬ ಪ್ರಶ್ನೆ ಎದುರಿಗೆ ನಿಲ್ಲುತ್ತದೆ. ಒಂದೇ ಸಾಫ್ಟ್‌ವೇರನ್ನು ಕಟ್ಟಿಕೊಡುವ ನಾಲ್ಕು ಬಗೆಯ ಪೊಟ್ಟಣ ಇವು. ಡೆಬ್ ಅಂದರೆ ಸಿಸ್ಟಮ್‌ನ ಜೊತೆಗೇ ಬೆಳೆದದ್ದು, ಗಾತ್ರ ಕಡಿಮೆ, ಆದರೆ ಆವೃತ್ತಿ ಸ್ವಲ್ಪ ಹಳೆಯದಿರಬಹುದು. ಫ್ಲ್ಯಾಟ್‌ಪ್ಯಾಕ್ ಹೊಸದಿರುತ್ತದೆ, ಆದರೆ ಸಂಸಾರ ಸಮೇತ ಬರುತ್ತದೆ. ಟಿಪ್ಪಣಿ ಬರೆದಿಡುವ ಪುಟ್ಟ ಸಾಫ್ಟ್‌ವೇರ್ ಒಂದನ್ನು ಹಾಕಲು ಹೋದರೆ, ಅದರ ಹಿಂದೆ ರನ್‌ಟೈಮ್ ಅಂತ, ಅಂದರೆ ಅದು ಓಡಲು ಬೇಕಾದ ಸಾಮಗ್ರಿ, ನೂರಾರು ಎಂಬಿ ಇಳಿಯತೊಡಗಿತು. ಅದೇ ರನ್‌ಟೈಮ್ ಬಳಸುವ ಬೇರೆ ಸಾಫ್ಟ್‌ವೇರ್‌ಗಳಿಗೆ ಮತ್ತೆ ಇಳಿಸಬೇಕಾಗಿಲ್ಲ ಎನ್ನುವುದು ನಿಜ. ಆ ಹೊತ್ತಿನಲ್ಲಿ ಅದು ಸಮಾಧಾನ ಕೊಡಲಿಲ್ಲ.

ಟಿಪ್ಪಣಿಯ ಕಥೆ ಅಲ್ಲಿಗೇ ನಿಲ್ಲಲಿಲ್ಲ. ಡೆಬ್ ರೂಪದ್ದೂ ಒಂದು ಆಗಲೇ ಮೆನುವಿನಲ್ಲಿ ಕೂತಿತ್ತು. ಎರಡಕ್ಕೂ ಒಂದೇ ಹೆಸರು, ಒಂದೇ ಐಕಾನ್. ಬೆಳಿಗ್ಗೆ ಒಂದರಲ್ಲಿ ಬರೆದೆ, ಸಂಜೆ ಇನ್ನೊಂದನ್ನು ತೆರೆದೆ. ಬೋಳು ಹಾಳೆ. ಎಲ್ಲಾ ಹಾಳಾಯಿತು ಅಂತ ಎದೆ ಹೊಡೆದುಕೊಂಡು, ಅಳಿಸಿಹೋದ ಫೈಲು ಮರಳಿ ತರುವ ಸಾಫ್ಟ್‌ವೇರ್ ಹುಡುಕತೊಡಗಿದೆ. ಅಂದರೆ ಇನ್ನೊಂದು ಪಟ್ಟಿ, ಇನ್ನಷ್ಟು ನಕ್ಷತ್ರ. ರಾತ್ರಿ ತಂಗಿಯ ಮಗ ಫೋನಿನಲ್ಲಿ ಸಿಕ್ಕ. "ಮಾವ, ಫ್ಲ್ಯಾಟ್‌ಪ್ಯಾಕ್ ತನ್ನ ಸಾಮಾನನ್ನ ಬೇರೆ ಫೋಲ್ಡರ್‌ನಲ್ಲಿ ಇಟ್ಕೊಳ್ಳುತ್ತೆ. ಎರಡನ್ನೂ ಯಾಕೆ ಹಾಕ್ಕೊಂಡ್ರಿ?" ಅಂದ. ಯಾಕೆ ಅಂತ ಹೇಳುವುದು? ಪುಕ್ಕಟೆ ಇತ್ತು, ಹಾಕಿಕೊಂಡೆ.

ನಾನು ಕಂಡ ಮಟ್ಟಿಗೆ, ಸಿಸ್ಟಮ್ ಬದಲಿಸಿದ ಹೆಚ್ಚಿನವರು ಹುಡುಕುವುದು ಹಳೆಯ ಸಾಫ್ಟ್‌ವೇರ್‌ನ ಅವಳಿಯನ್ನು. ಕೆಲಸಕ್ಕೆ ತಕ್ಕದ್ದನ್ನು ಹುಡುಕುವವರು ಕಡಿಮೆ. ಫೋಟೊಶಾಪ್‌ಗೆ ಬದಲಿ ಏನು ಅಂತ ಕೇಳಿದರೆ ಲಿನಕ್ಸ್ ಬಲ್ಲವರು ಕಣ್ಣು ಮಿಟುಕಿಸದೆ ಗಿಂಪ್ ಅನ್ನುತ್ತಾರೆ. ಗಿಂಪ್ 1996ರಿಂದ ಇದೆ, ದೊಡ್ಡ ಸಾಫ್ಟ್‌ವೇರ್, ಸಂದೇಹವಿಲ್ಲ. ನನಗೆ ಬೇಕಿದ್ದದ್ದೇನು? ಆನ್‌ಲೈನ್ ಅರ್ಜಿಯೊಂದಕ್ಕೆ ನನ್ನ ಫೋಟೊ ಕತ್ತರಿಸಿ 50 ಕೆಬಿ ಒಳಗೆ ಇಳಿಸುವುದು.

ಕತ್ತರಿಸಿದೆ. ಸೇವ್ ಮಾಡಲು ಹೋಗಿ ಹೆಸರಿನ ತುದಿಗೆ ಜೆಪೆಗ್ ಅಂತ ಬರೆದೆ. ಇಲ್ಲಿ ಹಾಗೆ ಉಳಿಸಲು ಬರುವುದಿಲ್ಲ, ಎಕ್ಸ್‌ಪೋರ್ಟ್‌ಗೆ ಹೋಗಿ ಅಂತ ಗಿಂಪ್ ಮರ್ಯಾದೆಯಿಂದಲೇ ಹೇಳಿತು. 2012ರಲ್ಲಿ ಬಂದ 2.8 ಆವೃತ್ತಿಯಿಂದ ಅದರ ನಿಯಮವೇ ಹಾಗೆ. ಸೇವ್ ಅಂದರೆ ಪದರಗಳ ಸಮೇತ ಅದರದ್ದೇ ಎಕ್ಸ್‌ಸಿಎಫ್ ಫೈಲು. ಜೆಪೆಗ್, ಪಿಎನ್‌ಜಿ ಬೇಕಾದರೆ ಎಕ್ಸ್‌ಪೋರ್ಟ್. ಯೋಚಿಸಿ ನೋಡಿದರೆ ನ್ಯಾಯವಾಗಿಯೇ ಇದೆ. ಎಕ್ಸ್‌ಪೋರ್ಟ್ ಮಾಡುವಾಗ ಗುಣಮಟ್ಟದ ಪಟ್ಟಿಯನ್ನು ಎಳೆಯುತ್ತಾ ಹೋದರೆ ಫೈಲಿನ ಗಾತ್ರ ಎಷ್ಟಾಗುತ್ತದೆ ಅಂತ ಅಲ್ಲೇ ತೋರಿಸುವ ಅನುಕೂಲವೂ ಇದೆ. ನನ್ನ ಮುಖ ಮಸುಕಾಗುತ್ತಾ, ಗಾತ್ರ ಇಳಿಯುತ್ತಾ ಬಂತು. 50ರ ಒಳಗೆ ಬಂದಾಗ ಗುರುತು ಹಿಡಿಯುವಷ್ಟು ಉಳಿದಿದ್ದೆ. ಖುಷಿಯಿಂದ ಮುಚ್ಚಲು ಹೋದರೆ, ನೀವು ಮಾಡಿದ ಬದಲಾವಣೆ ಉಳಿದಿಲ್ಲ, ಎಸೆಯಲೇ ಅಂತ ಕೇಳಿತು. ಎಕ್ಸ್‌ಪೋರ್ಟ್ ಮಾಡಿದ್ದು ಅದರ ಲೆಕ್ಕದಲ್ಲಿ ಉಳಿಸಿದ್ದಲ್ಲ. ಈಗ ಇಂಥ ಕೆಲಸಕ್ಕೆ ಜಿಥಂಬ್ ಇಟ್ಟುಕೊಂಡಿದ್ದೇನೆ. ಫೋಟೊ ತೋರಿಸುತ್ತದೆ, ಕತ್ತರಿಸುತ್ತದೆ, ಚಿಕ್ಕದು ಮಾಡುತ್ತದೆ, ಪ್ರಶ್ನೆ ಜಾಸ್ತಿ ಕೇಳುವುದಿಲ್ಲ.

ಆಫೀಸು ಕೆಲಸಕ್ಕೆ ಲಿಬ್ರೆಆಫೀಸ್ ಮೊದಲೇ ಇತ್ತು. ಅದರಲ್ಲಿ ತಲೆ ಕೆಟ್ಟದ್ದು ಒಂದೇ ವಿಷಯಕ್ಕೆ. ಒಂದು ಪುಟದ ಪತ್ರ ತೆರೆದರೆ ಎರಡು ಪುಟವಾಗುತ್ತಿತ್ತು. ಎರಡನೇ ಪುಟದಲ್ಲಿ 'ಇಂತಿ' ಒಂದೇ ಕೂತಿರುತ್ತಿತ್ತು. ಕಾರಣ ಫಾಂಟ್. ಇಂಗ್ಲಿಷ್ ಭಾಗಕ್ಕೆ ಬಳಸಿದ್ದ ಕ್ಯಾಲಿಬ್ರಿ ಇಲ್ಲಿಲ್ಲ, ಬದಲಿಗೆ ಬಂದದ್ದು ಅಗಲ. ಕಾರ್ಲಿಟೊ ಅಂತ ಒಂದು ಫಾಂಟ್ ಇದೆ, ಅದರ ಅಕ್ಷರಗಳ ಅಗಲ ಕ್ಯಾಲಿಬ್ರಿಯಷ್ಟೇ. ಕೇಂಬ್ರಿಯಾಕ್ಕೆ ಹಾಗೇ ಕ್ಯಾಲಡಿಯಾ. ಹಾಕಿಕೊಂಡ ಮೇಲೆ 'ಇಂತಿ' ಮನೆಗೆ ಮರಳಿತು.

ಕನ್ನಡದ ಹಳೆಯ ಫೈಲುಗಳದ್ದು ಮಾತ್ರ ಅಷ್ಟು ಸಲೀಸಾಗಿರಲಿಲ್ಲ. ಎಷ್ಟೋ ವರ್ಷದ ಬರಹಗಳ ಫೋಲ್ಡರ್ ಒಂದಿತ್ತು. ತೆರೆದೆ. 'ಕನ್ನಡ' ಅಂತ ಇರಬೇಕಾದ ಜಾಗದಲ್ಲಿ ಮೊದಲು ಇಂಗ್ಲಿಷಿನ ಪಿ, ಆಮೇಲೆ ತಲೆ ಮೇಲೆ ಗೀಟು ಹೊತ್ತ ಎ, ಅದರ ಪಕ್ಕ ಬ್ರಿಟಿಷ್ ಪೌಂಡಿನ ಗುರುತು. ಪುಟದ ತುಂಬ ಇದೇ ಮೆರವಣಿಗೆ. ಆ ಕಾಲದ ಫಾಂಟುಗಳ ಕಸುಬೇ ಇದು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿರುತ್ತಿದ್ದರು. ಆ ಫಾಂಟ್ ಇರುವ ತನಕ ಕನ್ನಡ, ಇಲ್ಲದಿದ್ದರೆ ಬಣ್ಣ ಬಯಲು. ಎಲ್ಲ ಭಾಷೆಯ ಅಕ್ಷರಗಳಿಗೂ ಬೇರೆ ಬೇರೆ ಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಲಿನಕ್ಸ್ ಹುಟ್ಟಿದ ವರ್ಷವೂ ಅದೇ. ನನ್ನ ಫೋಲ್ಡರ್‌ಗೆ ಸುದ್ದಿ ತಲುಪಿರಲಿಲ್ಲ, ಅಷ್ಟೆ. ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ, ಒಂದೊಂದೇ ಫೈಲು ಹಾಕಿ ತೆಗೆದೆ. ಈ ಕೆಲಸ ಯಾವ ಸಿಸ್ಟಮ್‌ನಲ್ಲಿದ್ದರೂ ಮಾಡಿಟ್ಟುಕೊಳ್ಳುವಂಥದ್ದು. ಓದಲು ಗುಬ್ಬಿ, ನವಿಲು ಅಂತ ಚಂದದ ಫಾಂಟುಗಳು ಲಿನಕ್ಸ್‌ನಲ್ಲೇ ಸಿಗುತ್ತವೆ, ನೋಟೊ ಕೂಡ ಇದೆ.

ಇನ್ನು ಟೈಪಿಂಗ್. ನನ್ನ ಬೆರಳಿಗೆ ಗೊತ್ತಿರುವುದು ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ. ಅದು ಇಲ್ಲಿಯೂ ಇದೆ, ಕಗಪ ಅನ್ನುವ ಹೆಸರಿನಲ್ಲಿ ಸೆಟ್ಟಿಂಗ್ಸ್ ಒಳಗೆ ಕೂತಿದೆ. ಒತ್ತಕ್ಷರಕ್ಕೆ ಅದೇ ಎಫ್, ಡ ಬೇಕಾದರೆ ಅದೇ ಡಬ್ಲ್ಯು. ಬೇರೆಲ್ಲಾ ಅಪರಿಚಿತವಾಗಿದ್ದ ಆ ಪರದೆ ಮೇಲೆ ಬೆರಳು ನೋಡದೆ ಒಂದು ಪ್ಯಾರಾ ಹೊಡೆದಾಗ ಎಷ್ಟು ಹಿತವಾಯಿತು ಅಂದರೆ, ಕನ್ನಡದಿಂದ ವಾಪಸ್ ಇಂಗ್ಲಿಷಿಗೆ ಬದಲಿಸುವುದೇ ಮರೆತುಹೋಯಿತು.

ಹಾಗೇ ಟರ್ಮಿನಲ್, ಅಂದರೆ ಕಮಾಂಡ್ ಬರೆದು ಕೆಲಸ ಮಾಡಿಸುವ ಕಿಟಕಿ, ತೆರೆದೆ. ಫೈಲುಗಳ ಪಟ್ಟಿ ತೋರಿಸಲು ಎಲ್, ಎಸ್ ಎರಡು ಅಕ್ಷರ ಒತ್ತಬೇಕು. ಒತ್ತಿದೆ. ಪರದೆ ಮೇಲೆ ಮೂಡಿದ್ದು 'ಲಸ'. ಎಂಟರ್ ಒತ್ತಿಯೂ ಬಿಟ್ಟೆ. ಲಸ ಎಂಬ ಕಮಾಂಡ್ ಸಿಗಲಿಲ್ಲ ಅಂತ ಟರ್ಮಿನಲ್ ಗಂಭೀರವಾಗಿ ಉತ್ತರಿಸಿತು. ಒಂದು ಫೋಲ್ಡರ್‌ನಿಂದ ಇನ್ನೊಂದಕ್ಕೆ ಹೋಗುವ ಸಿಡಿ 'ಚದ' ಆಯಿತು. ಸಾಫ್ಟ್‌ವೇರ್ ಹಾಕಲು ಬರೆಯುವ ಸುಡೊ ಆಪ್ಟ್ ಇದೆಯಲ್ಲ, ಅದು 'ಸುದೊ ಅಪತ' ಅಂತ ಬಂತು. ಈಗ ಮನೆಯಲ್ಲಿ ಕಂಪ್ಯೂಟರ್‌ಗೆ ಏನೇ ಆದರೂ ಹೆಂಡತಿ "ಏನು, ಸುದೊ ಅಪತನಾ?" ಅನ್ನುತ್ತಾಳೆ. ಪಾಸ್‌ವರ್ಡ್ ಕೇಳುವ ಕಡೆ ಇನ್ನೂ ಚಂದ. ನನ್ನ ಟರ್ಮಿನಲ್‌ನಲ್ಲಿ ಪಾಸ್‌ವರ್ಡ್ ಹೊಡೆಯುವಾಗ ಚುಕ್ಕಿ, ನಕ್ಷತ್ರ ಯಾವುದೂ ಕಾಣುವುದಿಲ್ಲ. ಕೀಬೋರ್ಡ್ ಕೆಟ್ಟಿದೆಯೋ, ಪಾಸ್‌ವರ್ಡ್ ಕನ್ನಡದಲ್ಲಿ ಹೋಗುತ್ತಿದೆಯೋ ದೇವರಿಗೇ ಗೊತ್ತು.

ಟರ್ಮಿನಲ್‌ನ ಒಳಗೇ ಕೆಲಸ ಮಾಡುವ ಎಡಿಟರ್‌ಗಳಲ್ಲಿ ವಿಮ್‌ಗೆ ದೊಡ್ಡ ಹೆಸರು. ನಾನೂ ತೆರೆದೆ. ಹೊರಗೆ ಬರುವುದು ಹೇಗೆ? ಕಂಟ್ರೋಲ್ ಸಿ ಒತ್ತಿದೆ, ಕಂಟ್ರೋಲ್ ಎಕ್ಸ್ ಒತ್ತಿದೆ, ಸಿಟ್ಟಿನಲ್ಲಿ ಏನೇನೋ ಒತ್ತಿದೆ. ಎಸ್ಕೇಪ್ ಒತ್ತಿ, ಕೋಲನ್, ಕ್ಯೂ, ಆಶ್ಚರ್ಯಸೂಚಕ ಚಿಹ್ನೆ ಹಾಕಿ ಎಂಟರ್ ಒತ್ತಬೇಕಂತೆ. ಆಶ್ಚರ್ಯಸೂಚಕ ಇಟ್ಟವರಿಗೆ ನಮ್ಮ ಸ್ಥಿತಿ ಮೊದಲೇ ಗೊತ್ತಿತ್ತು ಅನಿಸುತ್ತದೆ. ವಿಮ್‌ನಿಂದ ಹೊರಬರುವುದು ಹೇಗೆ ಎಂಬ ಪ್ರಶ್ನೆಯನ್ನು ಸ್ಟಾಕ್ ಓವರ್‌ಫ್ಲೋ ಎಂಬ ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣದಲ್ಲಿ 2017ರ ಹೊತ್ತಿಗೇ 10 ಲಕ್ಷಕ್ಕೂ ಹೆಚ್ಚು ಸಲ ನೋಡಲಾಗಿತ್ತು. ಅಷ್ಟು ಜನರ ಜೊತೆ ಸಿಕ್ಕಿಹಾಕಿಕೊಂಡರೆ ಬೇಜಾರಿಲ್ಲ ಅಲ್ವಾ? ನನ್ನಂಥವರಿಗೆ ನ್ಯಾನೊ ಸಾಕು. ಯಾವ ಕೀಲಿ ಒತ್ತಿದರೆ ಹೊರಬಾಗಿಲು ಅಂತ ಪರದೆಯ ಬುಡದಲ್ಲೇ ಬರೆದಿರುತ್ತಾರೆ.

ವಿಡಿಯೊ, ಬ್ರೌಸರ್, ಮೇಲ್ ವಿಷಯದಲ್ಲಿ ಹೇಳಿಕೊಳ್ಳುವಂಥ ಅನಾಹುತ ಏನೂ ಆಗಲಿಲ್ಲ. ವಿಎಲ್‌ಸಿ, ಫೈರ್‌ಫಾಕ್ಸ್, ಥಂಡರ್‌ಬರ್ಡ್ ಮೂರನ್ನೂ ಹಳೆಯ ಸಿಸ್ಟಮ್‌ನಲ್ಲೇ ಬಳಸುತ್ತಿದ್ದೆ. ಹಾಗಾಗಿ ಸಿಸ್ಟಮ್ ಬದಲಿಸುವ ಯೋಚನೆ ಇರುವವರು ಇಂಥವನ್ನು ಹಳೆಯ ಮನೆಯಲ್ಲಿರುವಾಗಲೇ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು. ಲಿಬ್ರೆಆಫೀಸ್, ಗಿಂಪ್ ಕೂಡ ಎರಡೂ ಕಡೆ ಓಡುತ್ತವೆ. ಬೆರಳು ಮೊದಲು ಹೋಗಲಿ, ಸಾಮಾನು ಆಮೇಲೆ ಸಾಗಿಸಬಹುದು.

ಒಂದು ಸಂಗತಿ ಮಾತ್ರ ಯಾರೂ ಹೇಳಿರಲಿಲ್ಲ. ಲಿನಕ್ಸ್‌ನ ಹೆಚ್ಚಿನ ಡೆಸ್ಕ್‌ಟಾಪ್‌ಗಳಲ್ಲಿ ಪದಗಳನ್ನು ಮೌಸ್‌ನಿಂದ ಆಯ್ಕೆ ಮಾಡಿದರೆ ಸಾಕು, ಕಾಪಿ ಆಗಿರುತ್ತದೆ. ಮೌಸ್‌ನ ಚಕ್ರವನ್ನು ಅದುಮಿದರೆ ಪೇಸ್ಟ್. ಟರ್ಮಿನಲ್‌ನಲ್ಲಿ ಬಂದ ತಪ್ಪಿನ ಸಂದೇಶವೊಂದನ್ನು ಹುಡುಕಲು ಆಯ್ಕೆ ಮಾಡಿಟ್ಟಿದ್ದೆ. ಆಮೇಲೆ ಮೇಲಧಿಕಾರಿಗೆ ರಜೆಯ ಮೇಲ್ ಬರೆಯುತ್ತಾ ಚಕ್ರ ತಿರುಗಿಸುವಾಗ ಬೆರಳು ಸ್ವಲ್ಪ ಭಾರವಾಗಿ ಬಿದ್ದಿರಬೇಕು. ಕಳಿಸಿದ ಮೇಲೆ ನೋಡುತ್ತೇನೆ, 'ದಯವಿಟ್ಟು ನನಗೆ ಎರಡು ದಿನ ಪರ್ಮಿಷನ್ ಡಿನೈಡ್ ರಜೆ ಮಂಜೂರು ಮಾಡಬೇಕಾಗಿ ವಿನಂತಿ' ಅಂತಿದೆ. ಅರ್ಜಿಯೊಳಗೇ ತೀರ್ಮಾನವೂ ಇದ್ದದ್ದರಿಂದ ಸಾಹೇಬರಿಗೆ ಕೆಲಸ ಹಗುರವಾಗಿತ್ತು.

ಇಷ್ಟಾದರೂ ಆ ಚಕ್ರದ ಚಟ ಹತ್ತಿಬಿಟ್ಟಿತು. ಕಂಟ್ರೋಲ್ ಸಿ, ಕಂಟ್ರೋಲ್ ವಿ ಎರಡನ್ನೂ ಬೆರಳು ಮರೆತಿದೆ. ಮೊನ್ನೆ ಆಫೀಸಿನಲ್ಲಿ ಪಕ್ಕದವರ ವಿಂಡೋಸ್ ಕಂಪ್ಯೂಟರ್‌ನಲ್ಲಿ ಕೂತು, ಅವರ ಪುಟದಲ್ಲಿದ್ದ ವಿಳಾಸವೊಂದನ್ನು ಆಯ್ಕೆ ಮಾಡಿ, ಕೆಳಗೆ ಬಂದು ಠೀವಿಯಿಂದ ಚಕ್ರ ಅದುಮಿದೆ. ಪೇಸ್ಟ್ ಆಗಲಿಲ್ಲ. ಬಾಣದ ಗುರುತಿನ ಜಾಗದಲ್ಲಿ ಒಂದು ದುಂಡನೆಯ ಚಿಹ್ನೆ ಬಂತು, ಕೈ ಅಲುಗಿಸಿದ್ದೇ ತಡ ಪುಟ ತಾನಾಗಿ ಕೆಳಕ್ಕೆ ಓಡತೊಡಗಿತು. ನಿಲ್ಲಿಸಲು ಮೌಸ್ ಮೇಲಕ್ಕೆ ಎಳೆದೆ, ಮೇಲಕ್ಕೆ ಓಡಿತು. "ಏನ್ ಸಾರ್ ಮಾಡಿದ್ರಿ ನನ್ನ ಕಂಪ್ಯೂಟರ್‌ಗೆ?" ಅಂದರು ಅವರು.

"ನಿಮ್ಮದರಲ್ಲಿ ಈ ಸೌಲಭ್ಯ ಇಲ್ಲ ಅನ್ಸುತ್ತೆ" ಅಂದೆ.