ಪತ್ರಿಕೋದ್ಯಮ ಪದವೀಧರರ ಯಶಸ್ಸನ್ನು ಐದನೇ ವರ್ಷದಲ್ಲಿ ಅಳೆಯಿರಿ
ಪ್ರವೇಶಾತಿಯ ಹೊತ್ತಿಗೆ ಪತ್ರಿಕೋದ್ಯಮ ಮತ್ತು ಸಮೂಹ ಸಂವಹನ ವಿಭಾಗಗಳ ಕರಪತ್ರಗಳಲ್ಲಿ ಸುದ್ದಿವಾಹಿನಿಗಳ ನಿರೂಪಕರಾದ ನಾಲ್ಕಾರು ಹಳೆಯ ವಿದ್ಯಾರ್ಥಿಗಳ ಭಾವಚಿತ್ರಗಳು ತಪ್ಪದೆ ಕಾಣಿಸುತ್ತವೆ. ಅವರ ಸಾಧನೆಯ ಬಗ್ಗೆ ನನಗೆ ತಕರಾರಿಲ್ಲ. ಆದರೆ ಅದೇ ಬೆಂಚಿನಲ್ಲಿ ಕುಳಿತಿದ್ದ ಉಳಿದವರು ಏನಾದರು ಎಂಬುದನ್ನೂ ಅಲ್ಲಿ ಹೇಳಬೇಕಿತ್ತು.

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1951ರಲ್ಲಿ ನಾಡಿಗ ಕೃಷ್ಣಮೂರ್ತಿಯವರು ಪತ್ರಿಕೋದ್ಯಮ ಬೋಧನೆ ಆರಂಭಿಸಿದಾಗ, ಈ ಪದವಿ ಪಡೆದವರ ಮುಂದಿದ್ದುದು ಪತ್ರಿಕಾ ಕಚೇರಿ, ಆಕಾಶವಾಣಿ, ಸರ್ಕಾರದ ಪ್ರಚಾರ ಇಲಾಖೆಯಂತಹ ಕೆಲವೇ ದಾರಿಗಳು. 2006ರಲ್ಲಿ ಟಿವಿ9, 2008ರಲ್ಲಿ ಸುವರ್ಣ ನ್ಯೂಸ್, 2012ರಲ್ಲಿ ಪಬ್ಲಿಕ್ ಟಿವಿ ಬಂದ ಮೇಲೆ ಕ್ಯಾಮೆರಾದ ಮುಂದೆ ನಿಲ್ಲುವುದೇ ಯಶಸ್ಸು ಎಂಬ ಭಾವನೆ ಬೇರೂರಿತು. ಹೊಸಬರ ಸಂಬಳ ಮಾತ್ರ ಆ ಹೊಳಪಿಗೆ ತಕ್ಕಂತೆ ಇರಲಿಲ್ಲ. ಪತ್ರಿಕಾ ನೌಕರರ ಸಂಬಳ ನಿಗದಿಗೆಂದು ಕೇಂದ್ರ ಸರ್ಕಾರ ರಚಿಸಿದ್ದ ಮಜೀಠಿಯಾ ವೇತನ ಮಂಡಳಿಯ ಶಿಫಾರಸುಗಳನ್ನು ಸುಪ್ರೀಂ ಕೋರ್ಟ್ 2014ರ ಫೆಬ್ರುವರಿಯಲ್ಲಿ ಎತ್ತಿಹಿಡಿಯಿತಾದರೂ, ಅವು ಪತ್ರಿಕೆಗಳ ನೌಕರರಿಗೆ ಸಂಬಂಧಿಸಿದ್ದವು. ಟಿವಿ ವರದಿಗಾರರು ಅದರಿಂದ ಹೊರಗೇ ಉಳಿದರು, ಪತ್ರಿಕೆಗಳಲ್ಲಿಯೂ ಗುತ್ತಿಗೆಯ ನೇಮಕಾತಿಯೇ ರೂಢಿಯಾಯಿತು. ತಾಲ್ಲೂಕು ಮಟ್ಟದ ಬಿಡಿ ಸುದ್ದಿಗಾರರ ಪಾಡಂತೂ ಬೇರೆಯೇ ಕಥೆ.

ಹೀಗಿರುವಾಗ ಎರಡು ಮೂರು ವರ್ಷ ಡೆಸ್ಕಿನಲ್ಲಿ ದುಡಿದು ಹೊರಬಿದ್ದವರನ್ನು ‘ಫೀಲ್ಡ್ ಬಿಟ್ಟವರು’ ಎಂದು ಕನಿಕರದಿಂದ ನೋಡುವುದು ನನಗೆ ಸರಿಕಾಣುವುದಿಲ್ಲ. ಉದ್ದನೆಯ ಹೇಳಿಕೆಯನ್ನು ನಾಲ್ಕು ಸಾಲಿಗೆ ಇಳಿಸುವುದು, ಅಂಕಿಅಂಶವನ್ನು ಮೂಲದೊಂದಿಗೆ ತಾಳೆ ನೋಡುವುದು, ಮುಜುಗರದ ಪ್ರಶ್ನೆಯನ್ನು ಸೌಜನ್ಯದಿಂದಲೇ ಕೇಳುವುದು ಅವರು ಸುದ್ದಿಮನೆಯಲ್ಲಿ ಕಲಿತ ಕಸುಬು. ಆಸ್ಪತ್ರೆಗಳ ಸಾರ್ವಜನಿಕ ಸಂಪರ್ಕ ವಿಭಾಗಕ್ಕೂ, ಸ್ವಯಂಸೇವಾ ಸಂಸ್ಥೆಗಳ ವರದಿಗಳಿಗೂ, ಮೊಬೈಲ್ ಆ್ಯಪ್‌ಗಳ ಕನ್ನಡ ಪಠ್ಯಕ್ಕೂ ಬೇಕಾಗಿರುವುದು ಇದೇ ಕಸುಬು.

ಡಬ್ಬಿಂಗ್ ಇದಕ್ಕೆ ಒಳ್ಳೆಯ ಉದಾಹರಣೆ. ಕನ್ನಡದಲ್ಲಿ ದಶಕಗಳ ಕಾಲ ಜಾರಿಯಲ್ಲಿದ್ದ ಡಬ್ಬಿಂಗ್ ತಡೆ ಸ್ಪರ್ಧಾತ್ಮಕತೆಗೆ ವಿರುದ್ಧವಾದುದೆಂದು ಭಾರತೀಯ ಸ್ಪರ್ಧಾ ಆಯೋಗವು 2015ರಲ್ಲಿ ಹೇಳಿತು. 2020ರ ಲಾಕ್‌ಡೌನ್‌ನಲ್ಲಿ ಚಿತ್ರೀಕರಣ ನಿಂತು, ವಾಹಿನಿಗಳು ಡಬ್ಬಿಂಗ್ ಧಾರಾವಾಹಿಗಳತ್ತ ತಿರುಗಿದಾಗ, ತುಟಿಯ ಚಲನೆಗೆ ಹೊಂದುವಂತೆ ಸಹಜ ಕನ್ನಡದಲ್ಲಿ ಸಂಭಾಷಣೆ ಬರೆಯಬಲ್ಲವರಿಗೆ ಕೆಲಸ ದೊರೆಯಿತು. ಡಬ್ಬಿಂಗ್ ಒಳ್ಳೆಯದೋ ಕೆಟ್ಟದ್ದೋ ಎಂಬ ಜಗಳ ಇಲ್ಲಿ ಬೇಡ. ಪಠ್ಯಕ್ರಮ ರೂಪಿಸಿದವರ ಕಲ್ಪನೆಯಲ್ಲಿ ಅಷ್ಟಾಗಿ ಇರದಿದ್ದ ಉದ್ಯೋಗವೊಂದು ಭಾಷೆ ಬಲ್ಲವರಿಗೆ ಒದಗಿತು ಎಂಬುದಷ್ಟೇ ನನ್ನ ಮಾತು.

ಇಂತಹ ಬದುಕುಗಳು ಕಾಲೇಜಿನ ಕಡತಕ್ಕೆ ಬಾರದಿರುವುದಕ್ಕೆ ಕಾರಣವೂ ಇದೆ. ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ರಾಷ್ಟ್ರೀಯ ಸಂಸ್ಥೆಯಾದ ನ್ಯಾಕ್‌ನ ಮೌಲ್ಯಮಾಪನದಲ್ಲಿ ಕೇಳುವುದು ತೇರ್ಗಡೆಯಾಗಿ ಹೊರಹೋಗುವ ವಿದ್ಯಾರ್ಥಿಗಳ ಉದ್ಯೋಗದ ಪ್ರಮಾಣವನ್ನು. ಹಾಗಾಗಿ ವಿಭಾಗಗಳು ಮೊದಲ ನೇಮಕಾತಿ ಪತ್ರದ ಪ್ರತಿಯನ್ನು ಲಗತ್ತಿಸಿ ಸುಮ್ಮನಾಗುತ್ತವೆ. ಆ ಕೆಲಸ ಆರು ತಿಂಗಳಿಗೇ ಬಿಟ್ಟುಹೋದರೂ ದಾಖಲೆಯಲ್ಲಿ ಅದು ಯಶಸ್ಸೇ. ಪದವಿ ಮುಗಿದ ಐದನೇ ವರ್ಷದಲ್ಲಿ ಪ್ರತಿ ತಂಡವನ್ನೂ ಸಂಪರ್ಕಿಸಿ, ಯಾವ ಕೆಲಸದಲ್ಲಿದ್ದೀರಿ, ಸಂಬಳದಲ್ಲಿ ಸಂಸಾರ ನಡೆಯುತ್ತಿದೆಯೇ, ತರಗತಿಯಲ್ಲಿ ಕಲಿತದ್ದರಲ್ಲಿ ಯಾವುದು ಉಪಯೋಗಕ್ಕೆ ಬಂತು ಎಂದು ಕೇಳಿ, ಹೆಸರುಗಳನ್ನು ಬಿಟ್ಟು ಉತ್ತರಗಳನ್ನು ಪ್ರಕಟಿಸಲು ದೊಡ್ಡ ಖರ್ಚೇನೂ ಬೇಕಿಲ್ಲ. ಸಮೀಕ್ಷೆ ನಡೆಸುವುದನ್ನು ಆ ವಿಭಾಗಗಳೇ ಪಾಠ ಮಾಡುತ್ತವಲ್ಲ! ಮುಂದಿನ ಪ್ರವೇಶಾತಿಯ ಕರಪತ್ರದಲ್ಲಿ ನಿರೂಪಕರ ಚಿತ್ರಗಳ ಪಕ್ಕದಲ್ಲಿಯೇ ಆ ಉತ್ತರಗಳಿಗೂ ಅರ್ಧ ಪುಟ ಕೊಡಲಿ.