ಕತೆ ಓದುವಾಗ ದಯವಿಟ್ಟು ಅಳಬೇಡಿ

ನಮ್ಮ ಶಿರಸಿ ಕಡೆ ಕತೆ ಓದುವ ಕಾರ್ಯಕ್ರಮಗಳಿಗೆ ಈಗ ಬರವಿಲ್ಲ. ಖುಷಿಯ ವಿಷಯವೇ. ಆದರೆ ಮೈಕ್ ಹಿಡಿದ ಕೂಡಲೇ ದನಿ ನಡುಗಿಸಿ, ‘ಅಯ್ಯೋ’ ಬಂದಲ್ಲಿ ನಿಜಕ್ಕೂ ಬಿಕ್ಕುವವರನ್ನು ಕಂಡರೆ ಎದ್ದು ಹೋಗಿ ಚಾ ಕುಡಿಯೋಣ ಅನ್ನಿಸುತ್ತದೆ. ಕತೆಯ ಧಾಟಿಯನ್ನು ಬರೆದವನು ವಾಕ್ಯದೊಳಗೇ ಇಟ್ಟು ಹೋಗಿರುತ್ತಾನೆ. ಓದುವವರು ಅದರ ಮೇಲೆ ಇನ್ನಷ್ಟು ಸುರಿಯಬೇಕಾಗಿಲ್ಲ.

ರಷ್ಯಾದ ಕತೆಗಾರ ಚೆಕಾಫನ ಗಾಡಿಯವನ ಕತೆ ತಗೊಳ್ಳಿ, 1886ರದ್ದು. ಇಯೋನಾ ಕುದುರೆಗಾಡಿ ಹೊಡೆಯುವವ. ಮಗ ಸತ್ತು ವಾರ ತುಂಬಿಲ್ಲ. ಆದರೆ ಸಾವಿನ ಸುದ್ದಿ ಮೊದಲಿಗೆ ಬರುವುದೇ ಇಲ್ಲ. ಸಂಜೆಗತ್ತಲು, ಆಗಷ್ಟೇ ಹಚ್ಚಿದ ಬೀದಿದೀಪ, ಒದ್ದೆ ಹಿಮ. ಅವನೂ ಬೆಳ್ಳಗೆ, ಕುದುರೆಯೂ ಬೆಳ್ಳಗೆ. ಮೈಮೇಲೆ ಬಿದ್ದದ್ದನ್ನು ಕೊಡವಿಕೊಳ್ಳುವ ಮನಸ್ಸೂ ಇಲ್ಲದೆ ಬಾಗಿ ಕೂತಿದ್ದಾನೆ. ಆಮೇಲೆ ಮೂವರು ಹುಡುಗರು ಹತ್ತುತ್ತಾರೆ, ಬೈಯುತ್ತಾರೆ, ಹೊಡೆಯುತ್ತಾರೆ. ಇವನು ‘ಹಿ ಹಿ’ ಅಂತ ನಗುತ್ತಾನೆ. ಮಗ ಸತ್ತ ಅಂದರೆ, ಎಲ್ಲರೂ ಸಾಯುವವರೇ ಅಂತ ಒಬ್ಬ ಹೇಳಿ, ಗಾಡಿ ಬೇಗ ಓಡಿಸು ಅನ್ನುತ್ತಾನೆ. ನನಗೆ ಕರುಳು ಕಿವುಚುವುದು ಸಾವಿಗಿಂತ ಹೆಚ್ಚಾಗಿ ಆ ನಗುವಿಗೆ.

ನಿರೂಪಕ ಸ್ವರ ಏರಿಸುವುದು ನಡುವೆ ಒಂದು ಕಡೆ: ಇವನ ಎದೆಯೊಡೆದು ದುಃಖ ಹರಿದರೆ ಲೋಕವೇ ಮುಳುಗೀತು, ಆದರೂ ಅದು ಯಾರ ಕಣ್ಣಿಗೂ ಬೀಳದು ಎಂಬರ್ಥದ ಮಾತು. ಅಷ್ಟು ಹೊತ್ತು ಬಾಯಿ ಬಿಗಿಹಿಡಿದಿದ್ದಕ್ಕೇ ಅದು ತಾಗುತ್ತದೆ. ಮೊದಲ ಸಾಲಲ್ಲೇ ಹೇಳಿದ್ದರೆ ಮುಂದೆ ಓದುವುದಕ್ಕೆ ಏನು ಉಳಿಯುತ್ತಿತ್ತು?

ಯಕ್ಷಗಾನ ತಾಳಮದ್ದಳೆ ಕೇಳಿ ಬೆಳೆದ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ, ಮದ್ದಳೆ, ಪಾತ್ರವಾಗಿ ಮಾತಾಡುವ ಅರ್ಥಧಾರಿಯ ಮಾತು, ಇಷ್ಟೇ. ಕರ್ಣನ ಅರ್ಥ ಹೇಳುವವ ಕುಂತಿಯೆದುರು ಗೋಳೋ ಅಂದರೆ ಸಭೆ ಆಕಳಿಸುತ್ತದೆ. ‘ಇಷ್ಟು ದಿನ ಎಲ್ಲಿದ್ದೆ ತಾಯೀ’ ಅಂತ ತಣ್ಣಗೆ ಕೇಳಿ ನೋಡಲಿ, ಹಿಂದಿನ ಸಾಲಿನಲ್ಲಿ ಕವಳ ಜಗಿಯುವವರೂ ಜಗಿಯುವುದನ್ನು ಬಿಡುತ್ತಾರೆ.

1948ರಲ್ಲಿ ನ್ಯೂಯಾರ್ಕರ್ ಪತ್ರಿಕೆಯಲ್ಲಿ ಬಂದ ಶರ್ಲಿ ಜಾಕ್ಸನ್ ಅವರ ‘ದಿ ಲಾಟರಿ’ ಇನ್ನೂ ಖದೀಮ ಕತೆ. ಜೂನ್ 27ರ ಬೆಳಗು, ಒಳ್ಳೆ ಬಿಸಿಲು, ಹಸಿರು ಹುಲ್ಲು, ಹೂವು. ಊರ ಗಂಡಸರು ಬಿತ್ತನೆ, ಮಳೆ, ಟ್ರ್ಯಾಕ್ಟರ್, ತೆರಿಗೆ ಅಂತ ಮಾತಾಡುತ್ತಾ ನಿಂತಿದ್ದಾರೆ. ಹುಡುಗರು ಕಲ್ಲು ಆರಿಸುತ್ತಿದ್ದಾರೆ. ಮನೆಯಲ್ಲಿ ಇದನ್ನು ಕನ್ನಡದಲ್ಲಿ ಓದಿ ಹೇಳುತ್ತಿದ್ದಾಗ ಭಾವ ನಡುವೆ ಬಾಯಿ ಹಾಕಿದ: “ಇದು ನಮ್ಮ ಸೊಸೈಟಿ ಬಾಗ್ಲಲ್ಲಿ ನಿಂತು ಅಡಿಕೆ ರೇಟು ಮಾತಾಡ್ದಾಂಗೇ ಇದ್ದಲೋ, ಹೆದ್ರಿಕೆ ಎಲ್ಲಿದ್ದು?” ಕೊನೆ ಇಲ್ಲಿ ಹೇಳುವುದಿಲ್ಲ, ಓದದವರು ಓದಲಿ. ಭಾವ ಮಾತ್ರ ನನ್ನ ಕೈಯಿಂದ ಪುಸ್ತಕ ಕಿತ್ತುಕೊಂಡು ಮೊದಲ ಪುಟಕ್ಕೆ ವಾಪಸ್ ಹೋದ, ಕಲ್ಲು ಎಲ್ಲಿ ಬಂತು ಅಂತ ಹುಡುಕಲಿಕ್ಕೆ.

ಹಾಗಂತ ಚೀರುವ ಕತೆ ಇರಬಾರದೆಂದಲ್ಲ. ಅಮೆರಿಕದ ಕತೆಗಾರ ಎಡ್ಗರ್ ಅಲನ್ ಪೋನ, 1843ರಲ್ಲಿ ಅಚ್ಚಾದ ಕೊಲೆಗಾರನ ಕತೆಯಿಡೀ ಏದುಸಿರು. ನಾನು ಹುಚ್ಚನಲ್ಲ, ಎಷ್ಟು ಶಾಂತವಾಗಿ ಹೇಳುತ್ತೇನೆ ನೋಡಿ ಅನ್ನುತ್ತಲೇ ಅವನ ವಾಕ್ಯಗಳು ತುಂಡಾಗುತ್ತವೆ. ಆದರೆ ಆ ಚೀರಾಟ ಪಾತ್ರದ್ದು, ಪೋನದ್ದಲ್ಲ.

ನಮ್ಮ ಮಾಸ್ತಿಯವರದು ಮತ್ತೊಂದು ದಾರಿ. ‘ಮೊಸರಿನ ಮಂಗಮ್ಮ’ದಲ್ಲಿ ಮೊಸರು ತರುವವಳು ಅದನ್ನು ಕೊಳ್ಳುವ ಮನೆಯಲ್ಲಿ ಆಡುವ ಮಾತಿನಲ್ಲೇ ಕತೆ ಸಾಗುತ್ತದೆ. ಅತ್ತೆ ಸೊಸೆಯ ಜಗಳದಲ್ಲಿ ತೀರ್ಪು ಕೊಡುವ ಆತುರ ಅವರಿಗಿಲ್ಲ. ಆ ನಿರುಮ್ಮಳ ಮಾತನ್ನು ಮೈಕಿನಲ್ಲಿ ಗದ್ಗದಿಸಿ ಓದುವುದನ್ನು ಕಿವಿಯಾರೆ ಕೇಳಿದ್ದೇನೆ!

ಬರೆಯಲು ಶುರುಮಾಡಿದ ಕೆಲವರು ನನಗೆ ಕತೆ ಕಳಿಸುತ್ತಾರೆ. ಮೊದಲ ಪ್ಯಾರಾದಲ್ಲೇ ‘ಕರಾಳ ರಾತ್ರಿ’, ‘ಹೃದಯವಿದ್ರಾವಕ’. ಅವೆರಡನ್ನು ಹೊಡೆದುಹಾಕಿ, ಆ ರಾತ್ರಿ ಮನೆಯಲ್ಲಿ ಏನೇನಿತ್ತು ಅಂತ ಬರೆದು ಮತ್ತೆ ಕಳಿಸಿ ಅನ್ನುತ್ತೇನೆ. ಒಂದಿಬ್ಬರು ಕಳಿಸಿದರು. ಉಳಿದವರು ನನ್ನನ್ನು ಬ್ಲಾಕ್ ಮಾಡಿದ್ದಾರೆ.