ನಮ್ಮಕ್ಕ ಕುಡಿಯಲ್ಲ, ಆದರೂ ಪ್ಯಾಂಕ್ರಿಯಾಟೈಟಿಸ್ ಬಂತು

ಹೋದ ತಿಂಗಳು ನಮ್ಮಕ್ಕ 9 ದಿನ ಆಸ್ಪತ್ರೆಯಲ್ಲಿದ್ದಳು. ನೋಡಲು ಬಂದವರಿಗೆ ಕಾಯಿಲೆಯ ಹೆಸರು ಹೇಳಿದ ತಕ್ಷಣ ಬರುತ್ತಿದ್ದ ಮಾತು ಒಂದೇ. "ಅಯ್ಯೋ, ಅದು ಕುಡಿಯೋರಿಗೆ ಬರೋದಲ್ವಾ?" ಒಬ್ಬರಂತೂ ಬಾಗಿಲ ಹತ್ತಿರವೇ ನನ್ನನ್ನು ಪಕ್ಕಕ್ಕೆ ಕರೆದು, "ಏನಾದ್ರೂ ಅಭ್ಯಾಸ ಇತ್ತಾ?" ಅಂತ ಕೇಳಿದರು. ಮೆಲ್ಲಗೇ ಕೇಳಿದರು, ಆದರೆ ಅಕ್ಕನಿಗೆ ಕೇಳಿಸಿತು. ಏನೂ ಹೇಳದೆ ಗೋಡೆ ಕಡೆ ತಿರುಗಿಕೊಂಡಳು. ಅದನ್ನು ನೋಡಿದ ಮೇಲೆ ಇದನ್ನು ಬರೆಯಲೇಬೇಕು ಅನ್ನಿಸಿತು.

ಪ್ಯಾಂಕ್ರಿಯಾಸ್ ಅಂದರೆ ಮೇದೋಜೀರಕ ಗ್ರಂಥಿ. ಜಠರದ ಹಿಂದೆ ಅಡ್ಡಲಾಗಿರುವ, ಸುಮಾರು 15 ಸೆಂಟಿಮೀಟರ್ ಉದ್ದದ ಅಂಗ. ಇನ್ಸುಲಿನ್ ಕೊಡುವುದೂ ಅದೇ, ತಿಂದದ್ದನ್ನು ಕರಗಿಸುವ ರಸ ಕೊಡುವುದೂ ಅದೇ. ಆ ರಸ ಕರುಳಿಗೆ ಇಳಿದ ಮೇಲೆ ಕೆಲಸ ಶುರು ಮಾಡಬೇಕು. ಒಳಗೇ ಶುರು ಮಾಡಿದರೆ ಗ್ರಂಥಿಯನ್ನೇ ತಿನ್ನುತ್ತದೆ. ಆಗ ಗ್ರಂಥಿಗೆ ಬರುವ ಉರಿಯೂತವೇ ಪ್ಯಾಂಕ್ರಿಯಾಟೈಟಿಸ್. ಪಿತ್ತದ ನಾಳ, ಈ ರಸದ ನಾಳ ಎರಡೂ ಸಾಮಾನ್ಯವಾಗಿ ಕರುಳಿಗೆ ತೆರೆಯುವುದು ಒಂದೇ ಜಾಗದಲ್ಲಿ. ಪಿತ್ತಕೋಶದಿಂದ ಜಾರಿದ ಒಂದು ಸಣ್ಣ ಕಲ್ಲು ಅಲ್ಲಿ ಸಿಕ್ಕಿಕೊಂಡರೆ ಸಾಕು. ಅಕ್ಕನಿಗೆ ಆಗಿದ್ದು ಇದೇ. ದಿಢೀರನೆ ಬರುವ ಪ್ಯಾಂಕ್ರಿಯಾಟೈಟಿಸ್‌ಗೆ ಎರಡು ದೊಡ್ಡ ಕಾರಣಗಳಲ್ಲಿ ಒಂದು ಕುಡಿತ, ಇನ್ನೊಂದು ಪಿತ್ತಕೋಶದ ಕಲ್ಲು. ಹೆಂಗಸರಲ್ಲಿ ಕಲ್ಲಿನದೇ ಜಾಸ್ತಿ.

ನಮಗೆ ಇದು ಗೊತ್ತಿರಲಿಲ್ಲ ಅಂತ ಹೇಳುವ ಹಾಗೂ ಇಲ್ಲ. ಎರಡು ವರ್ಷದ ಹಿಂದೆ, ಹಬ್ಬದೂಟ ಆದಾಗಲೆಲ್ಲ ಬಲಗಡೆ ಪಕ್ಕೆಲುಬಿನ ಕೆಳಗೆ ನೋವು ಅಂತ ಸ್ಕ್ಯಾನಿಂಗ್ ಮಾಡಿಸಿದ್ದೆವು. ಉದ್ದಿನಕಾಳಿನಷ್ಟು ದಪ್ಪದ ನಾಲ್ಕೈದು ಕಲ್ಲು. ನೋವು ಬರುತ್ತಿರುವುದರಿಂದ ಪಿತ್ತಕೋಶ ತೆಗೆಸಿಬಿಡಿ ಅಂದಿದ್ದರು ಸರ್ಜನ್. ಇಷ್ಟು ಸಣ್ಣ ಕಲ್ಲಿಗೆ ಆಪರೇಷನ್ ಯಾಕೆ ಅಂತ ನಾವೇ ಮುಂದಕ್ಕೆ ಹಾಕಿದೆವು. ಮಗಳ ಪರೀಕ್ಷೆ ಮುಗೀಲಿ, ಮಳೆಗಾಲ ಕಳೀಲಿ ಅಂತ ದಿನ ಹೋಯಿತು. ಯಾರೋ ಹೇಳಿದರು ಅಂತ ನಿಂಬೆರಸ, ಎಣ್ಣೆ ಕಲಸಿ ಕುಡಿದದ್ದೂ ಆಯಿತು. ರಿಪೋರ್ಟು ಬೀರುವಿನಲ್ಲಿ ಸೀರೆಗಳ ಕೆಳಗೆ ಸೇರಿತು. ಸಣ್ಣ ಕಲ್ಲೇ ನಾಳಕ್ಕೆ ಸುಲಭವಾಗಿ ಜಾರುವುದು ಅಂತ ಆಮೇಲೆ ತಿಳಿಯಿತು.

ಆ ರಾತ್ರಿ ಅವಳು ಮಂಚದ ಮೇಲೆ ದಿಂಬನ್ನು ಹೊಟ್ಟೆಗೆ ಒತ್ತಿಕೊಂಡು ಮುಂದಕ್ಕೆ ಬಾಗಿ ಕೂತಿದ್ದಳು. ಮಲಗಿದರೆ ನೋವು ಜಾಸ್ತಿ ಆಗುತ್ತಿತ್ತು. ಹೊಟ್ಟೆಯ ಮೇಲ್ಭಾಗದಿಂದ ನೇರ ಬೆನ್ನಿಗೆ ಚುಚ್ಚಿದ ಹಾಗೆ ಅಂತಿದ್ದಳು. ನೀರು ಕುಡಿದರೂ ವಾಂತಿ. ನಾವು ಮಾಡಿದ್ದೇನು? ಗ್ಯಾಸ್ಟ್ರಿಕ್ ಅಂದುಕೊಂಡು ಮೊದಲು ಮಾತ್ರೆ, ಆಮೇಲೆ ಜೀರಿಗೆ ಕಷಾಯ, ಆಮೇಲೆ ಈನೋ. ಹತ್ತು ಗಂಟೆಗೆ ಶುರುವಾದ ನೋವಿಗೆ ಬೆಳಗಿನ ಜಾವ ಐದಕ್ಕೆ ಆಸ್ಪತ್ರೆಗೆ ಹೋದೆವು. ಈ ಗ್ರಂಥಿಯ ರಸದಲ್ಲಿ ಕೊಬ್ಬು ಕರಗಿಸುವ ಲೈಪೇಸ್ ಅನ್ನುವುದು ರಕ್ತದಲ್ಲಿ ಇರಬೇಕಾದ ಮಿತಿಯ ಮೂರು ಪಟ್ಟು ದಾಟಿದರೆ ಡಾಕ್ಟರುಗಳು ಪ್ಯಾಂಕ್ರಿಯಾಟೈಟಿಸ್ ಕಡೆ ನೋಡುತ್ತಾರೆ. ಅಕ್ಕನದು ಅದಕ್ಕಿಂತ ಎಷ್ಟೋ ಮೇಲಿತ್ತು. ನಮ್ಮ ಮನೆಗಳಲ್ಲಿ ಎದೆಯಿಂದ ಹೊಕ್ಕುಳಿನವರೆಗೆ ಎಲ್ಲಿ ನೋವು ಬಂದರೂ ಹೆಸರು ಗ್ಯಾಸ್ಟ್ರಿಕ್. ಆ ಏಳು ಗಂಟೆ ನೆನೆದರೆ ನನಗೆ ಈಗಲೂ ಸಂಕಟ ಆಗುತ್ತದೆ.

ಪಕ್ಕದ ಬೆಡ್ಡಿನಲ್ಲಿ ಮೂವತ್ತರ ಆಸುಪಾಸಿನ ಹುಡುಗ. ಅವನದು ಕುಡಿತದಿಂದಲೇ ಬಂದದ್ದು. ಅವನ ತಾಯಿ ಕೇಳಿದವರಿಗೆಲ್ಲ "ಹೋಟೆಲ್ ಊಟ ಆಗಿಬರಲಿಲ್ಲ" ಅನ್ನುತ್ತಿದ್ದರು. ಆ ಹುಡುಗ ಡಾಕ್ಟರಿಗೂ ಮೊದಲ ದಿನ ನಿಜ ಹೇಳಿರಲಿಲ್ಲವಂತೆ. ಕುಡೀತೀರಾ ಅಂತ ಡಾಕ್ಟರ್ ಕೇಳಲೇಬೇಕು. ನೆಂಟರು ಕೇಳಬೇಕಾಗಿಲ್ಲ. ನೆಂಟರ ಬಾಯಿಗೆ ಹೆದರಿಯೇ ಜನ ಡಾಕ್ಟರ ಹತ್ತಿರವೂ ಮುಚ್ಚಿಡುತ್ತಾರೆ. ಅವನು ಸಿಗರೇಟೂ ಸೇದುತ್ತಿದ್ದ. ಸಿಗರೇಟು ಕುಡಿತದ ಜೊತೆಗೆ ಸೇರಿದರೆ ಮಾತ್ರ ಅಲ್ಲ, ಅದೊಂದೇ ಇದ್ದರೂ ಈ ಕಾಯಿಲೆಯ ಅಪಾಯ ಹೆಚ್ಚಿಸುತ್ತದೆ. ಇದನ್ನು ಯಾರೂ ಜೋರಾಗಿ ಹೇಳುವುದಿಲ್ಲ ಅನ್ನುವುದು ನನ್ನ ಬೇಸರ.

ಎದುರಿನ ಬೆಡ್ಡಿನವರಿಗೆ ಕಲ್ಲೂ ಇರಲಿಲ್ಲ, ಕುಡಿತವೂ ಇರಲಿಲ್ಲ. ಶುಗರ್ ಹತೋಟಿ ತಪ್ಪಿ ಟ್ರೈಗ್ಲಿಸರೈಡ್ ಏರಿಬಿಟ್ಟಿತ್ತು. ಸಿರಿಂಜಿಗೆ ತೆಗೆದ ರಕ್ತ ಹಾಲು ಬೆರೆಸಿದ ಹಾಗೆ ಕಾಣುತ್ತಿತ್ತು ಅಂತ ನರ್ಸ್ ಹೇಳಿದರು. ಈ ಕೊಬ್ಬು ಒಂದು ಡೆಸಿಲೀಟರ್ (100 ಮಿಲಿಲೀಟರ್) ರಕ್ತಕ್ಕೆ 1,000 ಮಿಲಿಗ್ರಾಂ ದಾಟಿದರೆ ಪ್ಯಾಂಕ್ರಿಯಾಸ್‌ಗೆ ಅಪಾಯ. ನಾವು ರಿಪೋರ್ಟಿನಲ್ಲಿ ಕೊಲೆಸ್ಟ್ರಾಲ್ ಒಂದನ್ನೇ ನೋಡಿ ಮಡಚಿಡುತ್ತೇವೆ, ಅಲ್ವಾ?

ರಕ್ತದಲ್ಲಿ ಕ್ಯಾಲ್ಸಿಯಂ ಜಾಸ್ತಿಯಾದರೂ ಬರಬಹುದು. ಕೆಲವು ಔಷಧಿಗಳಿಂದ ಅಪರೂಪಕ್ಕೆ ಬರುತ್ತದೆ, ಹಾಗಂತ ನೀವೇ ಮಾತ್ರೆ ನಿಲ್ಲಿಸಬೇಡಿ. ಹುಡುಗರು ಸೈಕಲ್ಲಿನಿಂದ ಬಿದ್ದು ಹ್ಯಾಂಡಲ್ ಹೊಟ್ಟೆಗೆ ಗುದ್ದಿದರೂ ಆಗಬಹುದು. ವಂಶದಲ್ಲೇ ಬರುವುದೂ ಉಂಟು. ಪಕ್ಕದ ಕೇರಳದಲ್ಲಿ ಕುಡಿತದ ಗಂಧವೇ ಇಲ್ಲದ ಮಕ್ಕಳಿಗೆ ಪ್ಯಾಂಕ್ರಿಯಾಸ್‌ನಲ್ಲಿ ಕಲ್ಲು ಕಟ್ಟಿ, ಹರೆಯಕ್ಕೇ ಸಕ್ಕರೆ ಕಾಯಿಲೆ ಬರುತ್ತಿತ್ತು. ಬಹಳ ಕಾಲ ಮರಗೆಣಸಿನ ಮೇಲೆ ಅನುಮಾನ ಇತ್ತು. ಆಮೇಲೆ ಅಂಥ ಹಲವರಲ್ಲಿ ಸ್ಪಿಂಕ್1 ಅನ್ನುವ ಜೀನ್‌ನ ದೋಷ ಕಂಡುಬಂತು. ಆ ಮಕ್ಕಳು ಯಾವ ಅಭ್ಯಾಸ ಮಾಡಿದ್ದರು ಹೇಳಿ?

ಇನ್ನೊಂದು ಮಾತು. ತಿಂಗಳಲ್ಲಿ ಹತ್ತು ಕೆಜಿ ಇಳಿಸುವ ಡಯಟ್‌ಗಳ ಬಗ್ಗೆ ದಯವಿಟ್ಟು ಎಚ್ಚರ. ತೂಕ ಗಬಕ್ಕನೆ ಇಳಿದರೆ ಪಿತ್ತಕೋಶದಲ್ಲಿ ಕಲ್ಲು ಕಟ್ಟುವುದು ಹೆಚ್ಚುತ್ತದೆ. ಕಲ್ಲು ಕಂಡವರೆಲ್ಲ ಆಪರೇಷನ್‌ಗೆ ಓಡಿ ಅಂತ ನಾನು ಹೇಳುತ್ತಿಲ್ಲ. ಯಾವ ತೊಂದರೆಯೂ ಕೊಡದೆ ಸುಮ್ನೆ ಇರುವ ಕಲ್ಲನ್ನು ಸಾಮಾನ್ಯವಾಗಿ ಹಾಗೇ ಬಿಡುತ್ತಾರೆ. ನೋವು ಕೊಡುವ ಕಲ್ಲಿನ ಮಾತು ಬೇರೆ. ಅಕ್ಕನಿಗೆ ಉರಿಯೂತ ಹೆಚ್ಚಿಗೆ ಬೆಳೆಯಲಿಲ್ಲ, ನಮ್ಮ ಪುಣ್ಯ. ಕಲ್ಲು ಮತ್ತೆ ಜಾರದಿರಲಿ ಅಂತ ಮನೆಗೆ ಕಳಿಸುವ ಮೊದಲೇ ಪಿತ್ತಕೋಶ ತೆಗೆದರು.

ನಿನ್ನೆ ಸಂಜೆ ನಮ್ಮ ಬೀದಿಯ ಅತ್ತೆಯೊಬ್ಬರು ಒಂದು ಪ್ಲಾಸ್ಟಿಕ್ ಕವರ್ ಹಿಡಿದು ಬಂದರು. ಒಳಗೆ ಒಂದೂವರೆ ವರ್ಷದ ಹಿಂದಿನ ಸ್ಕ್ಯಾನಿಂಗ್ ರಿಪೋರ್ಟು. "ಆವಾಗಾವಾಗ ನೋಯ್ತದೆ ಕಣಮ್ಮ, ಗ್ಯಾಸ್ಟ್ರಿಕ್ ಅಂದ್ಕೊಂಡಿದ್ದೆ" ಅಂದರು ಅಕ್ಕನಿಗೆ. ನಾಳೆ ಹತ್ತು ಗಂಟೆಗೆ ಅವರನ್ನು ಸರ್ಜನ್ ಹತ್ತಿರ ಕರೆದುಕೊಂಡು ಹೋಗುತ್ತಿದ್ದೇನೆ. ಅಕ್ಕನೂ ಬರುತ್ತೇನೆ ಅಂದಿದ್ದಾಳೆ.